ಹುಸೇನಪ್ಪ ಕೈಯಿಟ್ಟ ಕಾರು

ಹಿಂದೊಮ್ಮೆ, ಎಷ್ಟು ಹಿಂದೆ ಎಂದು ಕೇಳಬೇಡಿ, ನನಗೆ ಹೇಳಿದವರಿಗೇ ಗೊತ್ತಿರಲಿಲ್ಲ, ರೈಲ್ವೆ ಗೇಟಿನ ಈಚೆಗಿರುವ ಹಿರೇಗೊಣ್ಣಿ ಎಂಬ ಊರಿನಲ್ಲಿ ಹುಸೇನಪ್ಪ ಎಂಬ ಮೇಸ್ತ್ರಿ ಇದ್ದನಂತೆ. ಗಾಡಿ ರಿಪೇರಿ ಅವನ ಕೆಲಸ. ಎರಡು ಕಿವಿಯೂ ಕೇಳುತ್ತಿರಲಿಲ್ಲ. ಇಂಜಿನ್ನಿನ ರೋಗವನ್ನು ಅಂಗೈಯಿಂದ ಹಿಡಿಯುತ್ತಿದ್ದನಂತೆ. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಸಾಕು, ಎಷ್ಟನೆಯ ಪ್ಲಗ್ಗು ಕೆಟ್ಟಿದೆ ಎಂದು ಬೆರಳು ಎತ್ತಿ ತೋರಿಸುತ್ತಿದ್ದನಂತೆ. ಒಮ್ಮೆ ಬಸ್ಸಿಗೆ ಕೈಯಿಟ್ಟು, ಡ್ರೈವರನಿಗೆ ಜ್ವರ ಬಂದಿದೆ ಎಂದನಂತೆ. ಹೀಗೂ ಹೇಳುತ್ತಾರೆ. ಹೇಳಲಿ ಬಿಡಿ.

ಕಿವಿ ಕೇಳದಿದ್ದದ್ದು ಅವನಿಗೆ ಒಳ್ಳೆಯದೇ ಆಯಿತು. ರಿಪೇರಿಗೆ ಗಾಡಿ ತರುವವರು ಗಾಡಿಯ ಜೊತೆ ಒಂದು ಚೀಲ ಸುಳ್ಳನ್ನೂ ತರುತ್ತಾರೆ. ಆಯಿಲ್ ಮೊನ್ನೆ ತಾನೇ ಬದಲಿಸಿದೆ, ಬೇರೆಯವರ ಕೈಗೆ ಕೊಟ್ಟೇ ಇಲ್ಲ, ನಿನ್ನೆಯವರೆಗೂ ಚೆನ್ನಾಗಿತ್ತು. ಹುಸೇನಪ್ಪ ಅವರಿಗೆ ಬೆನ್ನು ಹಾಕಿ ಗಾಡಿಯನ್ನಷ್ಟೇ ಮುಟ್ಟಿ ನೋಡುತ್ತಿದ್ದನಂತೆ.

ಆ ಊರಿನಲ್ಲಿ ಇದ್ದದ್ದು ಒಂದೇ ಬಾಡಿಗೆ ಕಾರು. ಪಂಪಣ್ಣನದು. ದುಂಡು ಮೂತಿಯ ಹಳೇ ಬಿಳಿ ಕಾರು. ಓಡುವಾಗ ಚೆನ್ನಾಗಿಯೇ ಓಡುತ್ತಿತ್ತಂತೆ. ನಿಂತರೆ ಮಾತ್ರ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತಂತೆ. ಬಾಗಿಲು ಗಲಗಲ, ಕನ್ನಡಿ ಗಲಗಲ, ಕೂತವರ ಹಲ್ಲು ಗಲಗಲ. ಎಕ್ಸಲೇಟರಿನಿಂದ ಕಾಲು ತೆಗೆದರೆ ಇಂಜಿನ್ ಸತ್ತೇಹೋಗುತ್ತಿತ್ತು. ಸತ್ತರೆ ಬೇಗ ಎದ್ದೇಳುತ್ತಿರಲಿಲ್ಲ.

ಪಂಪಣ್ಣ ಅದಕ್ಕೊಂದು ಉಪಾಯ ಮಾಡಿದ್ದ. ಆ ಊರಿನಲ್ಲಿ ಏನೇ ಅಲುಗಾಡಿದರೂ ಒಂದು ಮರದ ಚಕ್ಕೆ ಬಡಿಯುತ್ತಾರೆ. ಮಂಚ ಅಲುಗಿದರೆ ಚಕ್ಕೆ, ಗುದ್ದಲಿ ಅಲುಗಿದರೆ ಚಕ್ಕೆ. ಇವನೂ ಇಂಜಿನ್ನಿನ ಎರಡೂ ಮಗ್ಗುಲಿಗೆ ಜಾಲಿಯ ಚಕ್ಕೆ ಬಡಿದು ಬಿಗಿ ಮಾಡಿದ್ದನಂತೆ. ಇಂಜಿನ್ನೊಂದೇ ನಡುಗುತ್ತಿದ್ದದ್ದು ಹೋಗಿ ಇಡೀ ಕಾರು ನಡುಗತೊಡಗಿತು.

ದುರುಗವ್ವನ ಸೊಸೆ ಹುಲಿಗೆಮ್ಮನನ್ನು ಚೊಚ್ಚಲ ಹೆರಿಗೆಗೆ ಅದೇ ಕಾರಿನಲ್ಲಿ ಕರೆದೊಯ್ದಿದ್ದರು. ಆಸ್ಪತ್ರೆ ಗೇಟಿನ ಆಚೆ. ಗೂಡ್ಸ್ ರೈಲು ಬರುವುದಿತ್ತು, ಗೇಟು ಬಿದ್ದಿತ್ತು, ಕಾಯುವಾಗ ಇಂಜಿನ್ ಸತ್ತಿತು. ಗೇಟು ಎದ್ದ ಮೇಲೆ ಎಷ್ಟು ತಳ್ಳಿದರೂ ಕಾರು ಏಳಲಿಲ್ಲ. ಕೂಸು ಉಳಿಯಲಿಲ್ಲ.

ಈಗ ಅವಳಿಗೆ ಮತ್ತೆ ದಿನ ತುಂಬಿತ್ತು. ದುರುಗವ್ವ ಪಂಪಣ್ಣನ ಮನೆ ಮುಂದೆ ಬಂದು ನಿಂತಳಂತೆ.

"ಏ ಪಂಪ್ಯಾ, ಹುಸೇನಪ್ಪನ ಕೈಲಿ ಗಾಡಿ ಸರಿ ಮಾಡಿಸ್ತೀಯೋ, ಇಲ್ಲಾ ಸೀಮೆಎಣ್ಣಿ ತರಲೇನು?"

"ಯವ್ವಾ, ಚಕ್ಕಿ ಬಡದೀನಿ, ಗಟ್ಟಿ ಐತಿ."

"ನಿನ್ನ ತಲಿಗೆ ಬಡಕೋ ಆ ಚಕ್ಕೀನ."

ಪಂಪಣ್ಣ ಕಾರು ಒಯ್ದ. ಹುಸೇನಪ್ಪ ಕೈಯಿಟ್ಟ. ಮೊದಲು ಚಕ್ಕೆಗಳನ್ನು ಕಿತ್ತು ಬೀದಿಗೆ ಎಸೆದನಂತೆ. ಆಮೇಲೆ ಇಂಜಿನ್ ಕೂರುವ ಜಾಗದ ರಬ್ಬರುಗಳನ್ನು ತೆಗೆದು ನೋಡಿದ. ಆಯಿಲ್ ಕುಡಿದು ಕುಡಿದು ಒಂದು ಹರಿದಿತ್ತು, ಇನ್ನೊಂದು ಕಲ್ಲಾಗಿತ್ತು. ಲಾರಿಯ ಟೈರಿನಿಂದ ಹೊಸವನ್ನು ಕತ್ತರಿಸಿ ಕೂರಿಸಿದ ಎನ್ನುತ್ತಾರೆ. ತನ್ನ ಕಾಲಿನ ಟೈರ್ ಚಪ್ಪಲಿಯನ್ನೇ ಕತ್ತರಿಸಿದ ಎಂದೂ ಹೇಳುತ್ತಾರೆ.

ನಡುಕ ಅರ್ಧ ಇಳಿಯಿತು. ಇಂಜಿನ್ ಇನ್ನೂ ನಡುನಡುವೆ ಮುಗ್ಗರಿಸಿ ಮಿಸ್ಸಿಂಗ್ ಹೊಡೆಯುತ್ತಿತ್ತು. ಆಗ ಒಂದು ಒದ್ದೆ ಬಟ್ಟೆ ತೆಗೆದುಕೊಂಡು, ಓಡುತ್ತಿದ್ದ ಇಂಜಿನ್ನಿನ ಒಂದೊಂದೇ ಸಂದಿಗೆ ಒತ್ತಿ ನೋಡುತ್ತ ಹೋದನಂತೆ. ಒಂದು ಕೈ ಬಟ್ಟೆಯ ಮೇಲೆ, ಒಂದು ಕೈ ಇಂಜಿನ್ನಿನ ಮೇಲೆ. ಕಾರ್ಬುರೇಟರಿನ ಬುಡಕ್ಕೆ ಒತ್ತಿದಾಗ ಇಂಜಿನ್ ಗಪ್ಪನೆ ಸಮಾಧಾನವಾಯಿತು. ಬಟ್ಟೆ ತೆಗೆದ, ನಡುಗಿತು. ಒತ್ತಿದ, ನಡುಕ ನಿಂತಿತು. ಅಲ್ಲಿ ಸಂದಿ ಮುಚ್ಚುವ ಪ್ಯಾಕಿಂಗ್ ಸವೆದು ಬೇಡದ ಗಾಳಿ ಒಳಗೆ ನುಗ್ಗುತ್ತಿತ್ತು. ದಪ್ಪ ರಟ್ಟಿನಿಂದ ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿದ. ಪಂಪಣ್ಣ ಕಾಲಿನಿಂದ ಎಕ್ಸಲೇಟರ್ ಒತ್ತಲು ಹೋದಾಗ ಮೊಣಕಾಲಿಗೆ ನಟ್ಟು ಬಿಚ್ಚುವ ಪಾನಾದಿಂದ ಒಂದು ಬಿಟ್ಟನಂತೆ. ಸುಮ್ಮನಿರು, ಅದರಷ್ಟಕ್ಕೆ ಅದು ಇರಲಿ ಎಂದು ಅದರ ಅರ್ಥ.

ಮೂರನೆಯ ದಿನ ಮಧ್ಯಾಹ್ನ ಹುಲಿಗೆಮ್ಮನಿಗೆ ನೋವು ಬಂತು. ಪಂಪಣ್ಣ ಅತ್ತೆ ಸೊಸೆಯನ್ನು ಹಿಂದಿನ ಸೀಟಿಗೆ ಹತ್ತಿಸಿದ. ಹುಸೇನಪ್ಪನನ್ನೂ ಎಳೆದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ಗೇಟಿಗೆ ಬಂದರೆ ಗೇಟು ಬಿದ್ದಿದೆ. ಮುಂದೆ ಲಾರಿ, ಟ್ರಾಕ್ಟರು, ಬಂಡಿಗಳು ರಸ್ತೆ ತುಂಬ ನಿಂತಿವೆ. ಒಂದು ಗೂಡ್ಸ್ ಹೋಯಿತು, ಗೇಟು ಏಳಲಿಲ್ಲ. ಎದುರಿನಿಂದ ಇನ್ನೊಂದು ಬರುವುದಿತ್ತು.

ಕಾರು ಎಷ್ಟು ಮೆತ್ತಗೆ ನಿಂತಿತ್ತೆಂದರೆ ಪಂಪಣ್ಣ ಇಂಜಿನ್ ಸತ್ತಿದೆ ಎಂದುಕೊಂಡು ಮತ್ತೆ ಚಾಲೂ ಮಾಡಲು ಕೈ ಹಾಕಿದ. ಹಿಂದಿನಿಂದ ಹುಲಿಗೆಮ್ಮ ನರಳುತ್ತಲೇ ಹೇಳಿದಳು.

"ಮುಟ್ಟಬ್ಯಾಡ ಮಾವಾ, ಚಾಲೂ ಐತಿ. ನನ್ನ ಬೆನ್ನಿಗೆ ಗೊತ್ತಾಗಾಕತ್ತೈತಿ."

"ಕೈ ಮುರೀತೀನಿ ನೋಡು," ಎಂದಳಂತೆ ದುರುಗವ್ವ.

ಹುಸೇನಪ್ಪ ಹಿಂದೆ ತಿರುಗಿ ಹುಲಿಗೆಮ್ಮನ ಮುಖ ನೋಡಿದ. ಮುಂದಿನ ಸಾಲು ನೋಡಿದ. ಕಾರು ಸತ್ತರೆ ಎಬ್ಬಿಸುವುದು ಅವನ ಕೈಯಲ್ಲಿತ್ತು, ರಸ್ತೆ ಅವನ ಕೈಯಲ್ಲಿರಲಿಲ್ಲ. ಗೇಟು ಎದ್ದಾಗ ಎರಡೂ ಕಡೆಯವರು ಒಟ್ಟಿಗೆ ನುಗ್ಗಿ ಸಿಕ್ಕಿಕೊಳ್ಳುವುದು ಅಲ್ಲಿ ದಿನದ ಮಾತು. ಇಳಿದು ಹೋಗಿ ಲಾರಿಯ ಮೂತಿಗೆ ಅಂಗೈಯಿಂದ ಬಡಿದ. ಬಲಕ್ಕೆ ಸರಿ ಎಂದು ಕೈ ಮಾಡಿದ. ಡ್ರೈವರ್ ಬೈದ. ಮುಂದಿನದಕ್ಕೆ ಬಡಿದ. ಅವನೂ ಬೈದ. ಅವ್ವ, ಅಕ್ಕ ಒಬ್ಬರನ್ನೂ ಬಿಡದೆ ಬೈದರಂತೆ. ಅವನಿಗೆ ಕೇಳಬೇಕಲ್ಲ? ನಗುತ್ತ ಬಡಿಯುತ್ತ ಹೋದ. ಕೇಳದವನನ್ನು ಎಷ್ಟು ಹೊತ್ತು ಬೈಯುವುದು ಎಂದು ಒಬ್ಬೊಬ್ಬರೇ ಸರಿದರು. ಎಡಕ್ಕೆ ಒಂದು ಕಾರಿನಷ್ಟು ದಾರಿಯಾಯಿತು. ಹಳಿ ದಾಟಿ ಆಚೆಯವರನ್ನೂ ಸರಿಸಿದ. ಎರಡನೆಯ ಗೂಡ್ಸ್ ಹೋಗಿ ಗೇಟು ಎದ್ದಾಗ ಮೊದಲು ದಾಟಿದ್ದು ಪಂಪಣ್ಣನ ಕಾರು. ಹುಸೇನಪ್ಪ ಅಲ್ಲೇ ಉಳಿದ, ಆಮೇಲೆ ಊರಿಗೆ ನಡೆದುಕೊಂಡು ಹೋದ.

ಹೆಣ್ಣು ಕೂಸು ಹುಟ್ಟಿತು, ತಾಯಿಯೂ ಉಳಿದಳು. ಹುಸೇನಪ್ಪ ಆಸ್ಪತ್ರೆಗೆ ಬಂದು ಕೂಸಿನ ಎದೆಗೆ ಅಂಗೈಯಿಟ್ಟು ತಲೆಯಾಡಿಸಿದ ಎಂದು ಕೆಲವರು ಹೇಳುತ್ತಾರೆ. ನಾನು ನಂಬುವುದಿಲ್ಲ. ಬಾಣಂತಿಯ ಹತ್ತಿರ ಗ್ರೀಸ್ ಹತ್ತಿದ ಕೈಯವನನ್ನು ಯಾರು ಬಿಡುತ್ತಾರೆ?

ಆದರೆ ಇದು ನಾನೇ ನೋಡಿದ್ದು. ಇವತ್ತಿಗೂ ಆ ಗೇಟು ಬಿದ್ದರೆ ಎರಡೂ ಬದಿಯಲ್ಲಿ, ಆಸ್ಪತ್ರೆಗೆ ಹೋಗುವವರ ಎಡಗಡೆಗೆ, ಒಂದು ಪಟ್ಟಿ ರಸ್ತೆ ಖಾಲಿ ಇರುತ್ತದೆ. ಬೋರ್ಡಿಲ್ಲ, ಪೊಲೀಸರಿಲ್ಲ. ಹೊರಗಿನಿಂದ ಬಂದವರು ಗೊತ್ತಿಲ್ಲದೆ ಅಲ್ಲಿ ಗಾಡಿ ನುಗ್ಗಿಸಿದರೆ, ಪಕ್ಕದ ಲಾರಿಯವನು ತಲೆ ಹೊರಗೆ ಹಾಕಿ, "ಏ ತಮ್ಮಾ, ಹಿಂದಕ್ಕ ತಗೀ, ಅದು ಹುಸೇನಪ್ಪನ ಜಾಗ," ಎನ್ನುತ್ತಾನೆ.