ದುರುಗವ್ವನಿಗೆ ಓದು

ಹೊಳೆದಂಡೆಯ ಆಶ್ರಮದಲ್ಲಿ ಗುರು ಅಡವಯ್ಯನವರು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು.

ಹೊಳೆ ಏರಿದಾಗ ತಾನಾಗಿಯೇ ಸೈರನ್ ಊದಿಸುವ ಪ್ರೋಗ್ರಾಮ್ ಬರೆಯುವ ಕೆಲಸವನ್ನು ಶಿಷ್ಯ ಇಂದುಧರನಿಗೆ ಒಪ್ಪಿಸಿದ್ದರು.

ಇಂದುಧರ ಅದನ್ನು ಒಂಬತ್ತೇ ಸಾಲಿನಲ್ಲಿ ಮುಗಿಸಿ ತಂದ.

"ಇದಕ್ಕಿಂತ ಚಿಕ್ಕದಾಗಿ ಯಾರೂ ಬರೆಯಲಾರರು, ಗುರುಗಳೇ. ಕಂಪ್ಯೂಟರ್ ಒಂದು ತಪ್ಪೂ ತೋರಿಸಲಿಲ್ಲ."

"ಹೋಗಿ ದುರುಗವ್ವನಿಗೆ ಓದು," ಎಂದರು ಗುರುಗಳು.

ದುರುಗವ್ವ ಆ ಹೊಳೆಯಲ್ಲಿ ಹರಿಗೋಲು ನಡೆಸುವವಳು. ಕೆಳಗಿನ ಓಣಿಯಲ್ಲಿ ಅವಳ ಮನೆ.

"ಅವರಿಗೆ ಪ್ರೋಗ್ರಾಮ್ ಎಲ್ಲಿ ಗೊತ್ತು?"

"ಹೊಳೆ ಗೊತ್ತಲ್ಲ."

ಇಂದುಧರ ದಡದಲ್ಲಿ ಕೂತು ಓದಿದ. "ಎ ಹದಿನಾಲ್ಕಾದರೆ ಬಿ ಒಂದು. ಬಿ ಒಂದಾದರೆ ಸಿ..."

ದುರುಗವ್ವ ಕೊನೆಯವರೆಗೂ ಕೈಮುಗಿದು ಕೇಳಿದಳು. "ಮಂತ್ರ ಚಲೋ ಐತಿ, ತಮ್ಮಾ," ಎಂದು ಹುಟ್ಟು ಎತ್ತಿಕೊಂಡಳು.

ಇಂದುಧರನಿಗೆ ನಾಚಿಕೆಯಾಯಿತು. ಅಂದೇ ಪ್ರತಿ ಸಾಲಿನ ಪಕ್ಕದಲ್ಲೂ ವಿವರಣೆ ಬರೆದು ಗುರುಗಳ ಮುಂದಿಟ್ಟ.

ಅವರು ವಿವರಣೆಗಳನ್ನೆಲ್ಲ ಅಂಗೈಯಿಂದ ಮುಚ್ಚಿದರು. "ಈಗ ಓದು."

"ಎ ಹದಿನಾಲ್ಕಾದರೆ..." ಇಂದುಧರ ಅಲ್ಲಿಗೇ ನಿಲ್ಲಿಸಿದ.

ಮೂರು ದಿನ ಅವನು ಎಲ್ಲೂ ಹೋಗಲಿಲ್ಲ. 'ಎ' ಇದ್ದಲ್ಲಿ 'ನೀರಿನ ಮಟ್ಟ' ಎಂದು ಬರೆದ. 'ಬಿ' ಹೋಗಿ 'ಅಪಾಯ ಬಂದಿದೆ' ಎಂದಾಯಿತು. ಒಂದೇ ಸಾಲಿನಲ್ಲಿ ತುರುಕಿದ್ದ ನಾಲ್ಕು ಕೆಲಸಗಳನ್ನು ಬಿಡಿಸಿ, ಯಾವುದು ಮೊದಲು ಆಗಬೇಕೋ ಅದನ್ನು ಮೊದಲಿಟ್ಟ.

"ಒಂಬತ್ತು ಸಾಲು ಮೂವತ್ತಾಯಿತು, ಗುರುಗಳೇ," ಎಂದ, ತುಸು ಬೇಸರದಿಂದ.

ಗುರುಗಳು ಹೊಳೆಯ ಕಡೆ ನೋಡಿದರು. ಇಂದುಧರ ಎದ್ದು ಹೋದ.

ಈ ಸಲ ದುರುಗವ್ವ ಕೈಮುಗಿಯಲಿಲ್ಲ. ಮೂರನೆಯ ಸಾಲಿಗೇ ತಡೆದಳು.

"ನಿಂದರು. ನೀರು ಎಷ್ಟು ಅಡಿಗೆ ಬಂದ್ರ ಅಪಾಯ ಅಂದಿ?"

"ಹದಿನಾಲ್ಕು. ಆಗ ಆಶ್ರಮದ ಕೆಳಗಿನ ಮೆಟ್ಟಿಲು ಮುಳುಗುತ್ತದೆ."

"ಹನ್ನೆರಡಕ್ಕ ನಮ್ಮ ಓಣಿ ಮುಳುಗತೈತಿ, ತಮ್ಮಾ. ನೀ ಊದೂ ಹೊತ್ತಿಗೆ ನಮ್ಮ ಮನ್ಯಾಗ ತೊಡೀಮಟ ನೀರು."

ಆ ಹದಿನಾಲ್ಕನ್ನು ಇಂದುಧರ ನೂರು ಸಲವಾದರೂ ನೋಡಿದ್ದ.

ಅಲ್ಲೇ ಕೂತು ಅದನ್ನು ಹತ್ತಕ್ಕೆ ಇಳಿಸಿದ. ಉಳಿದದ್ದನ್ನೂ ಓದಿದ. ದುರುಗವ್ವ ಇನ್ನೂ ಎರಡು ಕಡೆ ತಡೆದಳು.

ಶ್ರಾವಣದ ಒಂದು ಬೆಳಿಗ್ಗೆ ಹೊಳೆ ಏರಿತು. ನೀರು ಹತ್ತು ಅಡಿಗೆ ಬರುತ್ತಲೇ ಸೈರನ್ ಊದಿತು. ಓಣಿಯ ಜನ ಎಮ್ಮೆ, ಆಡು, ಗಂಟುಮೂಟೆ ಸಮೇತ ಆಶ್ರಮದ ಮೆಟ್ಟಿಲು ಹತ್ತಿ ಬಂದರು. ಎಲ್ಲರನ್ನೂ ಮುಂದೆ ಬಿಟ್ಟು ದುರುಗವ್ವ ಕೊನೆಗೆ ಬಂದಳು. ಓಣಿಗೆ ನೀರು ನುಗ್ಗಿದಾಗ ಅಲ್ಲಿ ಒಬ್ಬರೂ ಉಳಿದಿರಲಿಲ್ಲ.

ಅಡುಗೆಮನೆಯಲ್ಲಿ ಗುರುಗಳು ಬಂದವರಿಗಾಗಿ ಗಂಜಿ ಕಾಯಿಸುತ್ತಿದ್ದರು. ಇಂದುಧರ ಹತ್ತಿರ ಹೋಗಿ ನಿಂತ.

"ಆ ಹದಿನಾಲ್ಕರ ತಪ್ಪು ನಿಮಗೆ ಮೊದಲೇ ಗೊತ್ತಿತ್ತಲ್ಲವೇ, ಗುರುಗಳೇ?"

"ಗೊತ್ತಿದ್ದರೆ ನಾನೇ ಹೇಳುತ್ತಿದ್ದೆ," ಎಂದರು ಅಡವಯ್ಯನವರು. "ಗೊತ್ತಿರಲಿಲ್ಲ. ಅದಕ್ಕೇ ದುರುಗವ್ವನಿಗೆ ಓದು ಎಂದೆ."