ಮುತ್ತಜ್ಜನ ಮದ್ದಿನ ಕೊಂಬು

ಕೋವಿಮದ್ದು ತುಂಬಿಡುವ ಹೊಸ ಕೊಂಬೊಂದನ್ನು ಸರ್ಜಪ್ಪನಾಯಕರು ಅಡುಗೆಯವನ ಮುಂದಿಟ್ಟರು.

"ಭಾನುವಾರ ಹೊಸ ಬೀಗರು ಬರ್ತಾರೆ. ಇದು ನಮ್ಮ ಮುತ್ತಜ್ಜ ಯುದ್ಧಕ್ಕೆ ಒಯ್ದ ಕೊಂಬಿನ ಹಾಗೆ ಕಾಣಬೇಕು. ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ."

ಅಡುಗೆಯವನು ಅದನ್ನು ಕಡು ಚಹಾದಲ್ಲಿ ನೆನೆಸಿದ, ಒಲೆಯ ಹೊಗೆಗೆ ತೂಗುಹಾಕಿದ, ಹರಳೆಣ್ಣೆ ಹಚ್ಚಿ ತಿಕ್ಕಿದ. ನಾಲ್ಕೇ ದಿನದಲ್ಲಿ ಕೊಂಬಿಗೆ ಇನ್ನೂರು ವರ್ಷ ವಯಸ್ಸಾಯಿತು.

ಬೀಗರು ಅದನ್ನು ಮೂಗಿಗೆ ಹಿಡಿದರು. "ಏನ್ರೀ ನಾಯಕರೇ, ಮದ್ದಿನ ವಾಸನೆಯೇ ಇಲ್ಲ. ಚಹಾ ಘಮಘಮ ಅಂತಿದೆ!"

ನಾಯಕರು ಬೆವತು ಅಡುಗೆಯವನನ್ನು ದುರುಗುಟ್ಟಿ ನೋಡಿದರು.

"ಹೌದು ಬುದ್ಧೀ," ಎಂದ ಅವನು. "ಮುತ್ತಜ್ಜನ ಹೆಸರು ಕೇಳಿಯೇ ಶತ್ರುಗಳು ಓಡ್ತಿದ್ದರಂತೆ. ಮದ್ದಿಗೆ ಕೆಲಸವೇ ಇರಲಿಲ್ಲ. ಅದಕ್ಕೇ ಚಹಾಪುಡಿ ತುಂಬಿಟ್ಟಿದ್ದರು."

ನಾಯಕರ ಮೀಸೆ ಮೇಲೇರಿತು. ಅಡುಗೆಯವನ ಕೆಲಸ ಉಳಿಯಿತು. ಬೀಗರು ಹೊರಡುವುದರೊಳಗೆ ನಾಯಕರೇ ಆ ಕತೆಯನ್ನು ಮೂರು ಸಲ ಹೇಳಿದರು. ಮೂರನೆಯ ಸಲ ಮುತ್ತಜ್ಜ ಶತ್ರುಗಳಿಗೂ ಚಹಾ ಕುಡಿಸಿ ಕಳಿಸಿದ್ದರು.