ಅತ್ತೆಮನೆ ಕಾರ್ಡಿನ ಕದಿರಪ್ಪ

ನಮ್ಮಜ್ಜಿಗೆ ಹಲ್ಲು ಬರುವುದಕ್ಕೂ ಮುಂಚೆ, ಚಿನ್ನದ ಗಣಿಯ ಮಗ್ಗುಲಿನ ಒಂದೂರಿನಲ್ಲಿ ಕದಿರಪ್ಪ ಅಂತ ಒಬ್ಬನಿದ್ದನಂತೆ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಅವನು ಊದಿದರೆ ಒದೆಯುವ ಎಮ್ಮೆಯೂ ಹಾಲು ಕೊಡುತ್ತಿತ್ತಂತೆ. ನಾನು ನಂಬುವುದಿಲ್ಲ, ಎಮ್ಮೆ ಸಾಕಿದವರು ಹೇಳುತ್ತಾರೆ.

ಇಷ್ಟಿದ್ದೂ ಅವನು ಮನೆ ಅಳಿಯ, ಹೆಂಡತಿಯ ತವರಿನಲ್ಲೇ ಠಿಕಾಣಿ. ಅತ್ತೆ ಅಕ್ಕಯ್ಯಮ್ಮ ಬಡಿಸುವಾಗ, ತಟ್ಟೆಗೆ ಮುದ್ದೆ ಬಿದ್ದ ಸದ್ದಿನಲ್ಲೇ ಅವತ್ತಿನ ಸಿಟ್ಟು ಎಷ್ಟು ಅಂತ ತಿಳಿಯುತ್ತಿತ್ತಂತೆ.

ಗಣಿ ದೊರೆಗಳ ಕ್ಲಬ್ಬಿನಲ್ಲಿ ಜಾಝ್ ಕುಣಿತ ನಡೆಯುತ್ತಿತ್ತು. ಪಿಯಾನೋ ನುಡಿಸುವ ಡಿಕ್ರೂಜಪ್ಪನಿಗೆ ಕ್ಲಾರಿನೆಟ್ಟಿನವನು ಬೇಕಿತ್ತು. ಕ್ರಿಸ್‌ಮಸ್ ಕುಣಿತದಲ್ಲಿ ಗೆದ್ದರೆ ಕೆಲಸ, ಜೊತೆಗೆ ಇರಲು ಒಂದು ಕೋಣೆ. ಕೋಣೆ ಅಂದದ್ದೇ ಕದಿರಪ್ಪನ ಕಿವಿ ನಿಮಿರಿತಂತೆ.

ಆದರೆ ಶ್ರುತಿ ಅಂದರೆ ಬಿದ್ದಲ್ಲೇ ಬಿದ್ದಿರಬೇಕು ಅಂತ ಬಲ್ಲವನು ಅವನು. ಪಿಯಾನೋದಲ್ಲೋ ಕಾರ್ಡುಗಳು, ಅಂದರೆ ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರಗಳ ಗುಂಪುಗಳು, ಬದಲಾಗುತ್ತಲೇ ಇರುತ್ತಿದ್ದವು. ಇವನು ಒಂದೇ ರಾಗ ಹಿಡಿದು ಊದಿದರೆ ಕ್ಲಬ್ಬಿನ ನಾಯಿಗಳು ಎದ್ದು ಹೋದವಂತೆ.

ಕದಿರಪ್ಪ ಹಠ ಹಿಡಿದು, ಯಾವ ಕಾರ್ಡು ಎಲ್ಲಿಗೆ ಹೊರಟಿದೆ ಅಂತ ಕಿವಿಗೊಟ್ಟು ವಿಂಗಡಿಸಿದನಂತೆ. ಒಂದು ಬಂದರೆ ಉಸ್ಸಪ್ಪಾ ಅನ್ನಿಸುತ್ತಿತ್ತು. ಅದು ಸ್ವಂತ ಮನೆ. ಇನ್ನೊಂದರಲ್ಲಿ ಸುಮ್ಮನೆ ತಿರುಗಾಡಬಹುದು, ಅದು ಸಂತೆ. ಮತ್ತೊಂದರಲ್ಲಿ ಕೂತರೆ ಯಾವಾಗ ಮನೆ ಸೇರಿಯೇನೋ ಅಂತ ಚಡಪಡಿಕೆ. ಅದಕ್ಕೆ ಅತ್ತೆಮನೆ ಅಂತಲೇ ಹೆಸರಿಟ್ಟ. ಮುಂದಿನ ಊರು ಗೊತ್ತಿದ್ದರೆ ಸಾಕು, ದಾರಿಯಲ್ಲಿ ಮನಸ್ಸಿಗೆ ಬಂದದ್ದು ಊದಬಹುದು ಅಂದನಂತೆ. ಮನೆಯಲ್ಲಿ ಈ ಹೆಸರು ಹೇಳಿ ಹೇಳಿ ಅಭ್ಯಾಸ ಮಾಡಿದ್ದಕ್ಕೆ ಅಕ್ಕಯ್ಯಮ್ಮನಿಗೂ ಎಲ್ಲ ಬಾಯಿಪಾಠವಾಯಿತು.

ಕುಣಿತದ ದಿನ ಕೊನೆಯ ಹಾಡಿನವರೆಗೂ ಎಲ್ಲ ಸೊಗಸು. ಅಷ್ಟರಲ್ಲಿ ಡಿಕ್ರೂಜಪ್ಪನಿಗೆ ಹಬ್ಬದ ಬ್ರಾಂದಿ ಏರಿ, ಅತ್ತೆಮನೆ ಕಾರ್ಡಿನಲ್ಲೇ ತೂಕಡಿಸಿದ. ಬೆರಳುಗಳು ಮಾತ್ರ ಅದನ್ನೇ ಕುಟ್ಟುತ್ತಿದ್ದವು. ಅತ್ತೆ ಕಳಿಸದೆ ಅಳಿಯ ಹೊರಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ. ಪಿಯಾನೋ ಹೊರಡಲಿ ಅಂತ ಕದಿರಪ್ಪ ಊದಿದ, ಊದಿದ, ಊದುತ್ತಲೇ ಇದ್ದ. ದೊರೆಸಾನಿಯರ ಬೂಟಿನ ಹಿಮ್ಮಡಿಗಳು ಕಿತ್ತುಬಂದವಂತೆ. ಕೋಣೆ ಹೋಯಿತು ಅಂತ ಅವನಿಗೆ ಅಳು ಬಂತಂತೆ.

ಅಳಿಯನ ಊದು ಕೇಳಲು ಬಂದು ಕಿಟಕಿಯಾಚೆ ನಿಂತಿದ್ದ ಅಕ್ಕಯ್ಯಮ್ಮ ತಡೆಯಲಾರದೆ ಕೂಗಿದಳು: "ಅತ್ತೆಮನೇಲಿ ಎಷ್ಟೊತ್ತು ಅಂತ ಕುಂತಿರ್ತೀಯಪ್ಪ? ನಾನೇ ಹೇಳ್ತಾ ಇವ್ನಿ, ಮನೆಗೆ ಹೋಗು."

ಅಪ್ಪಣೆ ಸಿಕ್ಕಿತು. ಕದಿರಪ್ಪ ಪಿಯಾನೋಗೆ ಕಾಯದೆ ಮನೆ ಸ್ವರಕ್ಕೆ ಬಂದಿಳಿದ. ಡಿಕ್ರೂಜಪ್ಪ ಬೆಚ್ಚಿಬಿದ್ದು ಹಿಂದೆಯೇ ಓಡಿಬಂದ. ಚಪ್ಪಾಳೆ ಗಣಿಯ ತಳಕ್ಕೂ ಕೇಳಿಸಿತಂತೆ. ಕೆಲಸ ಸಿಕ್ಕಿತು, ಕೋಣೆಯೂ ಸಿಕ್ಕಿತು. ಅವನ ಗಂಟುಮೂಟೆಯನ್ನು ಅಕ್ಕಯ್ಯಮ್ಮನೇ ಹೊತ್ತು ಮುಂದೆ ಮುಂದೆ ನಡೆದಳಂತೆ.

ಈಗಲೂ ಆ ಕಡೆಯ ಮದುವೆಗಳಲ್ಲಿ ಬ್ಯಾಂಡಿನವರು ಕೊನೆಯ ಹಾಡನ್ನು ಅತ್ತೆಮನೆಯಲ್ಲೇ ನಿಲ್ಲಿಸಿ ಎಳೆಯುತ್ತಾರೆ. ಹೆಣ್ಣಿನ ತಾಯಿ ಬಂದು ಅಳಿಯನಿಗೆ "ಹೋಗಪ್ಪ" ಅನ್ನಬೇಕು, ಆಮೇಲೆಯೇ ಮನೆ ಸ್ವರ. ಕೆಲವು ಅತ್ತೆಯರು ಬೇಕೆಂದೇ ಸೆರಗು ಸರಿಮಾಡಿಕೊಳ್ಳುತ್ತಾ ನಿಂತುಬಿಡುತ್ತಾರೆ. ಊದುವವರ ಮುಖ ಬದನೆಕಾಯಿಯಂತಾಗಿರುತ್ತದೆ.